ಕುಡುಕನಿಗೆ ಉಪದೇಶ ಸಾಕು, ಕೂರಲು ಜಾಗ ಕೊಡಿ



ಕುಡಿಯುವ ಸದಸ್ಯರನ್ನು ಸಂಘದಿಂದ ತೆಗೆದುಹಾಕಬೇಕೆಂದು ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಅವರಿಂದ ಸಂಘದ ಮಾನ ಹೋಗುತ್ತದಂತೆ, ಮಾಲೀಕರ ಮುಂದೆ ನಾವು ತಲೆ ತಗ್ಗಿಸಬೇಕಾಗುತ್ತದಂತೆ. ಈ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಧಣಿ ಕೆಲಸದಿಂದ ತೆಗೆದ, ಹೆಂಡತಿ ತವರಿಗೆ ಹೋದಳು, ಇನ್ನು ಸಂಘವೂ ಹೊರಗೆ ದಬ್ಬಿದರೆ ಆ ಮನುಷ್ಯನಿಗೆ ತೆರೆದಿರುವ ಬಾಗಿಲು ಯಾವುದು? ಸಾರಾಯಿ ಅಂಗಡಿಯದು ಒಂದೇ.

ಬೆಳಗ್ಗೆ ಐದಕ್ಕೆ ಒಲೆಯ ಮುಂದೆ ನಿಂತವನು ರಾತ್ರಿ ಹನ್ನೊಂದಕ್ಕೆ ಮೋರಿ ತೊಳೆದು, ಅದೇ ಹೋಟೆಲಿನ ಮೇಜಿನ ಮೇಲೆ ಮಲಗುತ್ತಾನೆ. ಹೆಂಡತಿ ಮಕ್ಕಳು ಊರಲ್ಲಿ. 1982ರ ಮುಷ್ಕರದ ನಂತರ ಗಿರಣಿಯ ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಏನೇನಾಯಿತೆಂದು ಪರಳ, ಲಾಲಬಾಗಿನ ಹಿರಿಯರನ್ನು ಕೇಳಿರಿ. ಇದನ್ನು ಕುಡಿತದ ಸಮರ್ಥನೆಗಾಗಿ ಹೇಳುತ್ತಿಲ್ಲ. ರೋಗ ಎಲ್ಲಿ ಬೇರು ಬಿಡುತ್ತದೆಂದು ತಿಳಿಯದೆ ಮದ್ದು ಹೇಳುವುದು ಮೂರ್ಖತನವೆಂದಷ್ಟೇ ನನ್ನ ವಾದ.

ಹೌದು, ಇದು ರೋಗ. 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಮದ್ಯದ ಚಟಕ್ಕೆ ಸಂಬಂಧಿಸಿದ ಮನಸ್ಸಿನ ತೊಂದರೆಗಳನ್ನು ಕಾಯಿಲೆಯ ಸಾಲಿನಲ್ಲಿ ಸೇರಿಸಿದೆ. ಕ್ಷಯ ಬಂದವನಿಗೆ "ಮನಸ್ಸು ಗಟ್ಟಿ ಮಾಡು, ಕೆಮ್ಮಬೇಡ" ಎನ್ನುತ್ತೇವೆಯೇ? ಕುಡುಕನಿಗೆ ಮಾತ್ರ ದೇವರ ಮುಂದೆ ಆಣೆ ಹಾಕಿಸುತ್ತೇವೆ. ಆಣೆ ಮುರಿದಾಗ ಸುಳ್ಳನೆಂದು ಹೀಯಾಳಿಸುತ್ತೇವೆ. ಸರಕಾರವೂ 1949ರಲ್ಲಿ ಪಾನನಿರೋಧದ ಕಾಯಿದೆ ಮಾಡಿತು. ಅಂಗಡಿ ಮುಚ್ಚಿದರೂ ಚಟ ಹೋಗಲಿಲ್ಲ, ಕಳ್ಳಭಟ್ಟಿ ಹುಟ್ಟಿತು. 2015ರಲ್ಲಿ ಮಾಲವಣಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಡವರು.

ಹಾಗಾದರೆ ದಾರಿ ಯಾವುದು? 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ ಬಿಲ್ ವಿಲ್ಸನ್ ಎಂಬ ಷೇರು ದಲ್ಲಾಳಿ ನಿಂತಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಬಂದ ವ್ಯವಹಾರ ಕೈಕೊಟ್ಟಿತ್ತು, ಎದುರಿಗೇ ಬಾರು. ಆತ ಬಾರಿಗೆ ಹೋಗದೆ ಟೆಲಿಫೋನ್ ಹಿಡಿದು, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್. ಈ ಇಬ್ಬರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿತು. ನಮ್ಮ ದೇಶಕ್ಕೆ ಅದು ಬಂದದ್ದು 1957ರಲ್ಲಿ. ಇಂದು ಮುಂಬಯಿಯ ಅನೇಕ ಬಡಾವಣೆಗಳಲ್ಲಿ ಅದರ ಕೂಟಗಳು ನಡೆಯುತ್ತವೆ.

ಅಲ್ಲಿ ಏನು ನಡೆಯುತ್ತದೆಂಬ ಭಯ ಬೇಡ. ಚಂದಾ ಇಲ್ಲ. ಜಾತಿ, ಮತ, ಪಗಾರ ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದರೂ ಆಕ್ಷೇಪವಿಲ್ಲ. ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕೆಂಬುದು ಅವರ ಪದ್ಧತಿ. ಜನ್ಮಪರ್ಯಂತ ಬಿಡು ಎನ್ನುವುದಿಲ್ಲ. ಈ ಒಂದು ದಿನ ಬಿಡು ಎನ್ನುತ್ತಾರೆ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಕೂಟವಿದೆ.

"ಮಾತಾಡಿದರೆ ಕುಡಿತ ಬಿಡುತ್ತದೆಯೇ?" ಎಂದು ನಗುವವರಿದ್ದಾರೆ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು ಜಾಲಾಡಿ ನೋಡಿದರು. ರೋಗಿಯನ್ನು ಕ್ರಮವಾಗಿ ಇಂಥ ಕೂಟಕ್ಕೆ ಸೇರಿಸುವ ಚಿಕಿತ್ಸೆಯಿಂದ ಪೂರ್ತಿ ಬಿಟ್ಟು ಉಳಿದವರು ಇತರ ಚಿಕಿತ್ಸೆಗಳಿಗಿಂತ ಹೆಚ್ಚೆಂದು ಕಂಡರು. ಆದರೆ ಒಂದು ಎಚ್ಚರಿಕೆ: ದಿನವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನನ್ನು ಮೊದಲು ಸರಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 14446ಕ್ಕೆ ಫೋನ್ ಮಾಡಿದರೆ ಬಿಟ್ಟಿಯಾಗಿ ಸಲಹೆ ಸಿಗುತ್ತದೆ.

ಇಷ್ಟೆಲ್ಲ ಇದ್ದರೂ ನಮ್ಮ ಮಾಣಿ ಅಲ್ಲಿಗೆ ಏಕೆ ಹೋಗುತ್ತಿಲ್ಲ? ಕೂಟ ಸೇರುವುದು ಸಾಮಾನ್ಯವಾಗಿ ಸಂಜೆ. ಸಂಜೆ ಏಳಕ್ಕೆ ಅವನ ಕೈಯಲ್ಲಿ ನಾಲ್ಕು ತಟ್ಟೆ ದೋಸೆ! ಇನ್ನು ಎದೆಯೊಳಗಿನ ನೋವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಅದು ಬರುವುದು ಕನ್ನಡದಲ್ಲಿ, ತುಳುವಿನಲ್ಲಿ.

ಹಗಲೆಲ್ಲ ಕಪ್ಪು-ಬಶಿ ತೊಳೆಯುವ ಹುಡುಗ ಹಗಲಿನ ಶಾಲೆಗೆ ಹೋಗಲಾರನೆಂದು ನಮ್ಮ ಹಿರಿಯರು ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದರು. "ಓದುವ ಮನಸ್ಸಿದ್ದರೆ ಹೇಗಾದರೂ ಬರಲಿ" ಎನ್ನಲಿಲ್ಲ. ಆ ಬುದ್ಧಿ ಇಂದು ನಮಗೆ ಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಧ್ಯಾಹ್ನ ಮೂರರಿಂದ ಐದರವರೆಗೆ, ಹೋಟೆಲಿನ ಗಿರಾಕಿ ಕಡಿಮೆಯಾಗುವ ಹೊತ್ತಿನಲ್ಲಿ, ವಾರಕ್ಕೆರಡು ದಿನ ಸಂಘದ ಖೋಲಿಯನ್ನು ಕನ್ನಡದ ಎ.ಎ. ಕೂಟಕ್ಕೆ ಬಿಟ್ಟುಕೊಡಬೇಕು. ಅಲ್ಲಿ ಅಧ್ಯಕ್ಷರ ಭಾಷಣ ಬೇಡ, ಹಾರ ಬೇಡ, ಫೋಟೋ ಬೇಡ, ಯಾರು ಬಂದರೆಂಬ ಪಟ್ಟಿಯಂತೂ ಬೇಡವೇ ಬೇಡ. ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವುದು ಅವರ ನಿಯಮ. ಅವರು ಕೊಟ್ಟ ಬಾಡಿಗೆ ತೆಗೆದುಕೊಂಡು ನಾವು ಹೊರಗೆ ನಿಂತರೆ ಸಾಕು. ಚಿಕಿತ್ಸೆಗೆ ಹೋದವನ ಕೆಲಸ ಉಳಿಯಬೇಕೆಂದು ಮಾಲೀಕರ ಮುಂದಿಡುವ ಬೇಡಿಕೆಪತ್ರದಲ್ಲಿ ಒಂದು ಕಲಮು ಸೇರಲಿ.

ತೆಗೆದುಹಾಕುವುದು ಮಾಲೀಕರಿಗೆ ಚೆನ್ನಾಗಿ ಬರುತ್ತದೆ. ಅದನ್ನು ಮಾಡಲು ಸಂಘ ಬೇಕಿಲ್ಲ. ಬಿದ್ದವನನ್ನು ಎತ್ತಲು ಬೇಕು.