ಹೊಗೆಕೊಳವೆ ನಿಲ್ಲಿಸಿದರೆ ಮುಗಿಯಿತೇ?

ಸಾದಲಿ ಹೋಬಳಿಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಬಿಡಿಸಿದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಒಲೆಯ ಪಾಲು. ಅದರ ಜೊತೆಗೆ ನೀಲಗಿರಿ ಸೌದೆ, ತೆಂಗಿನ ಗರಿ. ಗ್ಯಾಸ್ ಸಿಲಿಂಡರು ಮೂಲೆಯಲ್ಲಿದ್ದರೂ ಸ್ನಾನದ ನೀರಿಗೆ, ಮುದ್ದೆಯ ಎಸರಿಗೆ ಸೌದೆಯೇ ಆಗಬೇಕಾದ ಮನೆಗಳು ಅನೇಕ. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಒಲೆಯ ಮಾತು ಮುಗಿಯಿತೆಂದು ಸಭೆಗಳಲ್ಲಿ ಹೇಳುವವರು ಸಂಜೆ ಆರರ ಮೇಲೆ ಒಮ್ಮೆ ಇತ್ತ ಬಂದು ನೋಡಲಿ.

ಹೊಗೆಯಿಲ್ಲದ ಒಲೆ ನಮಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಹಳ್ಳಿಯಲ್ಲಿ ಕೆಲಸ ಮಾಡಿ, 1980ರ ದಶಕದಲ್ಲಿ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ಕೊಟ್ಟಿತು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ 2002ರಲ್ಲಿ ಕೈಬಿಟ್ಟಿತು. ಅಷ್ಟರಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆ ಹಂಚಿದ ಲೆಕ್ಕ ಕಡತಕ್ಕೇರಿತ್ತು. ಕಟ್ಟಿದ ಒಲೆಗೆ ಗುರಿಯಿತ್ತು, ಅನುದಾನವಿತ್ತು. ಮರುವರ್ಷ ಕೊಳವೆಯ ಮಸಿ ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಎರಡೂ ಇರಲಿಲ್ಲ.

ಕೊಳವೆ ಹೊಗೆಯನ್ನು ಎಳೆಯುವುದು ಒಳಗಿನ ಗಾಳಿ ಬಿಸಿಯಾಗಿ ಮೇಲೇರುವುದರಿಂದ. ಹಸಿ ಸೌದೆ ಉರಿಸಿದರೆ ಮಸಿಯೂ ಜಿಡ್ಡೂ ಗೋಡೆಗಂಟಿ ದಾರಿ ಕಿರಿದಾಗುತ್ತದೆ. ಹೊಗೆ ಹಿಂತಿರುಗಿ ಒಲೆಯ ಬಾಯಿಂದಲೇ ಬರುತ್ತದೆ. ಆಗ ಕಣ್ಣೀರು ಸುರಿಸುತ್ತ ಬೇಯಿಸುವಾಕೆ ಒಲೆ ಒಡೆದು ಹಳೆಯ ಮೂರು ಕಲ್ಲಿಗೆ ಮರಳಿದರೆ, ‘ಹೆಂಗಸರಿಗೆ ತಿಳಿವಳಿಕೆ ಇಲ್ಲ’ ಎಂಬ ವರದಿ ತಯಾರಾಗುತ್ತದೆ! ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾವು ಪರಿಸರದವರೂ ತಪ್ಪಿತಸ್ಥರೇ. ಉಳಿದ ಸೌದೆಯನ್ನು ತೂಗಿದೆವು, ಅಡುಗೆಮನೆಯ ಕೆಮ್ಮನ್ನು ಕೇಳಿಸಿಕೊಳ್ಳಲಿಲ್ಲ.

ಇದು ಗೋಡೆಯಿರುವ ಮನೆಗಳ ಕಥೆ. ಕಲ್ಲುಗಣಿ, ಇಟ್ಟಿಗೆ ಗೂಡು, ರಸ್ತೆ ಕಾಮಗಾರಿಗಳ ಪಕ್ಕದ ಶೆಡ್ಡುಗಳನ್ನು ನೋಡಿ. ತಗಡು, ಟಾರ್ಪಾಲಿನ್, ನಾಲ್ಕು ಗಳ; ಕೆಲಸ ಮುಗಿದೊಡನೆ ಲಾರಿಗೇರುವ ಮನೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯು ಮಾಲೀಕನೇ ಬಾಡಿಗೆಯಿಲ್ಲದ ವಸತಿಯನ್ನೂ ಅಡುಗೆಗೆ ಪ್ರತ್ಯೇಕ ಸ್ಥಳವನ್ನೂ ಒದಗಿಸಬೇಕೆಂದು ವಿಧಿಸಿತ್ತು. ಎಷ್ಟು ಶೆಡ್ಡುಗಳಲ್ಲಿ ಆ ಸ್ಥಳವನ್ನು ಕಂಡಿದ್ದೀರಿ? ಮಗು ಮಲಗುವ ಜಾಗಕ್ಕೂ ಒಲೆಗೂ ನಡುವೆ ಮೂರು ಅಡಿ ಇದ್ದರೆ ಹೆಚ್ಚು.

ಶೆಡ್ಡಿಗೆ ಕೊಳವೆ ಇಟ್ಟರೆ ಬೆಂಕಿ ಬೀಳುತ್ತದೆಂಬುದು ಗುತ್ತಿಗೆದಾರರ ಸಿದ್ಧ ಉತ್ತರ. ಅಡ್ಡಾದಿಡ್ಡಿ ಇಟ್ಟರೆ ನಿಜವಾಗಿಯೂ ಬೀಳುತ್ತದೆ. ಕೊಳವೆಯನ್ನು ಸೂರಿನಲ್ಲಿ ತೂರಿಸದೆ ಪಕ್ಕದ ಮರೆಯಿಂದ ಹೊರಗೆ ಒಯ್ಯಬೇಕು. ಕೊಳವೆಯ ಸುತ್ತ ಒಂದು ಮೊಳದಷ್ಟು ಟಾರ್ಪಾಲಿನ್ ಕತ್ತರಿಸಿ ಅಲ್ಲಿ ತಗಡು ಕೂರಿಸಬೇಕು. ಹೊರಗೆ ಕಬ್ಬಿಣದ ಕಂಬಕ್ಕೆ ಬಿಗಿದು, ಸೂರಿಗಿಂತ ಎರಡಡಿ ಮೇಲಕ್ಕೆ ಒಯ್ದು, ತುದಿಗೆ ಮಳೆಟೋಪಿ ಇಡಬೇಕು. ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರೊಳಗೆ ಇಳಿಯಬೇಕು. ಇಲ್ಲವಾದರೆ ಕರಿನೀರು ಹೊರಗೆ ಸೋರುತ್ತದೆ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರಲಿ. ಕೆಲಸ ಮುಗಿದಾಗ ಬಿಚ್ಚಿ ಪಾತ್ರೆಗಳ ಜೊತೆ ಕಟ್ಟಿಕೊಳ್ಳಬಹುದು. ಹಿಂದಿನ ಯೋಜನೆಗಳಲ್ಲಿ ಬಳಸಿದ ಆಸ್ಬೆಸ್ಟಾಸ್ ಕೊಳವೆ ಮಾತ್ರ ಬೇಡವೇ ಬೇಡ. ಒಡೆದರೆ, ಗರಗಸದಿಂದ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೊಗೆಗಿಂತ ಕೆಟ್ಟ ಶತ್ರು.

ತಿಂಗಳಿಗೊಮ್ಮೆ, ಒಲೆ ಪೂರ್ತಿ ಆರಿದ ಮೇಲೆ, ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಮೇಲಿಂದ ಕೆಳಕ್ಕೆ ಎಳೆದರೆ ಸಾಕು. ಅರ್ಧ ಗಂಟೆಯ ಕೆಲಸ. ಆದರೆ ಅದನ್ನೂ ಅಡುಗೆ ಮಾಡುವಾಕೆಯ ತಲೆಗೇ ಕಟ್ಟುವುದು ಅನ್ಯಾಯ. ಗ್ರಾಮ ಪಂಚಾಯತಿಯು ಕೊಳವೆ ಶುಚಿಗೊಳಿಸಲು ಒಬ್ಬರಿಗೆ ಕೂಲಿ ಗೊತ್ತುಮಾಡಲಿ. ಶೆಡ್ಡುಗಳಲ್ಲಿ ಕೊಳವೆಯ ಖರ್ಚನ್ನೂ ಶುಚಿಯ ಕೂಲಿಯನ್ನೂ ಗುತ್ತಿಗೆದಾರನಿಂದ ವಸೂಲು ಮಾಡಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಭಾನುವಾರ ನಿಮ್ಮೂರಿನ ಹತ್ತು ಒಲೆಗಳ ಬಳಿ ಕುಳಿತು, ಕೊಳವೆ ಇದೆಯೇ, ಹೊಗೆ ಎತ್ತ ಹೋಗುತ್ತಿದೆ, ಕಡೆಯ ಸಲ ಮಸಿ ತೆಗೆದದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಶೆಡ್ಡುಗಳನ್ನು ಬಿಡಬೇಡಿ. ಆ ಪಟ್ಟಿಯನ್ನು ಹಿಡಿದೇ ಮುಂದಿನ ಗ್ರಾಮಸಭೆಗೆ ಹೋಗೋಣ.