ನೋವು ಸಾಧನೆಯ ಅಳತೆಗೋಲಲ್ಲ

“ಎರಡು ದಿನ ಮೆಟ್ಟಿಲು ಇಳಿಯಲು ಆಗಬಾರದು, ಆಗಲೇ ವರ್ಕೌಟ್ ಸರಿಯಾಗಿದೆ ಎಂದರ್ಥ.” ಜಿಮ್‌ಗೆ ಹೋಗುವ ನಮ್ಮ ಹುಡುಗರ ಬಾಯಲ್ಲಿ ಸದಾ ಕೇಳುವ ಮಾತಿದು. ಕಳೆದ ವರ್ಷದವರೆಗೆ ನಾನೂ ಇದನ್ನೇ ನಂಬಿದ್ದೆ.

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನೂ ಗೆಳೆಯನೊಬ್ಬನೂ ಜಿಮ್ ಸೇರಿದೆವು. ಮೊದಲ ದಿನವೇ ಪಂತ ಕಟ್ಟಿಕೊಂಡು ಸ್ಕ್ವಾಟ್ ಮಾಡಿದೆವು. ಮರುದಿನ ತೊಡೆ ಸ್ವಲ್ಪ ಬಿಗಿದಿತ್ತು. ಮೂರನೆಯ ದಿನ ಗೋಡೆ ಹಿಡಿದು, ಹಿಮ್ಮುಖವಾಗಿ ಮನೆಯ ಮೆಟ್ಟಿಲು ಇಳಿದೆ. ಉಮ್ಮ ಮೊದಲು ನಕ್ಕರು, ಆಮೇಲೆ ಬೈದರು. “ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ಮತ್ತೆ ಅದನ್ನೇ ಮಾಡಿದರೆ ಹೋಗುತ್ತದೆ” ಎಂದು ಜಿಮ್‌ನ ಸೀನಿಯರ್‌ಗಳು ಹೇಳಿದರು. ನನಗೆ ಏಳಲಾಗಲಿಲ್ಲ, ಉಳಿದೆ. ಗೆಳೆಯ ಹೋದ. ಮರುದಿನ ಅವನ ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ.

ಮಿತಿಮೀರಿ ದಣಿದ ಸ್ನಾಯು ಒಡೆದಾಗ ಅದರೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನೇ ಕೆಡಿಸಬಹುದು ಎಂದು ವೈದ್ಯರು ವಿವರಿಸಿದರು. ಇದು ಅಪರೂಪ, ನಿಜ. ಆದರೆ ‘ನೋವಿದ್ದರೂ ಬಿಡಬೇಡ’ ಎನ್ನುವವರು ಇದನ್ನು ಹೇಳುವುದೇ ಇಲ್ಲ.

ಲ್ಯಾಕ್ಟಿಕ್ ಆಸಿಡ್ ಕಥೆಯೂ ತಪ್ಪು. ಅದು ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಖಾಲಿಯಾಗುತ್ತದೆ. ಮರುದಿನದ ನೋವಿಗೆ ಕಾರಣ ಸ್ನಾಯುವಿನ ಎಳೆಗಳಲ್ಲಾಗುವ ಸೂಕ್ಷ್ಮ ಹಾನಿ ಮತ್ತು ಅದನ್ನು ದೇಹ ದುರಸ್ತಿ ಮಾಡುವ ಕೆಲಸ. ಭಾರವನ್ನು ಎತ್ತುವಾಗಿಗಿಂತ ನಿಧಾನವಾಗಿ ಇಳಿಸುವಾಗ ಈ ಹಾನಿ ಹೆಚ್ಚು. ನೋವು 24ರಿಂದ 72 ಗಂಟೆಯೊಳಗೆ ಏರಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ.

ನನ್ನ ಮಾಮ ಬಂದರಿನಲ್ಲಿ ಅಕ್ಕಿ ಮೂಟೆ ಹೊರುತ್ತಾರೆ. “ಮಾಮ, ನಿಮಗೆ ಮೈಕೈ ನೋಯುವುದಿಲ್ಲವಾ?” ಎಂದು ಕೇಳಿದೆ. “ಮೊದಲ ವಾರ ನೋವಿತ್ತು ಮೋನೇ, ಆಮೇಲೆ ಅಭ್ಯಾಸವಾಯಿತು” ಎಂದರು. ಅವರಿಗೆ ನೋವಿಲ್ಲ, ಹಾಗೆಂದು ಶಕ್ತಿ ನನಗಿಂತ ಕಡಿಮೆಯೇ? ಅದೇ ಕೆಲಸಕ್ಕೆ ಸ್ನಾಯು ಹೊಂದಿಕೊಂಡಿದೆ, ಅಷ್ಟೇ. ನೋವು ಹೇಳುವುದು ಕೆಲಸ ಹೊಸದು ಎಂಬುದನ್ನು, ಒಳ್ಳೆಯದು ಎಂಬುದನ್ನಲ್ಲ.

ಹಾಗಾದರೆ ನೋವಿದ್ದಾಗ ಹಾಸಿಗೆ ಹಿಡಿಯಬೇಕೇ? ಅದೂ ಬೇಡ. ನಡಿಗೆ, ನಿಧಾನದ ಸೈಕಲ್ ಸವಾರಿ ಬಿಗಿತವನ್ನು ಸಡಿಲಿಸುತ್ತವೆ. ಕಾಲು ನೋಯುತ್ತಿದ್ದರೆ ಅಂದು ಕೈ, ಭುಜದ ವ್ಯಾಯಾಮ ಮಾಡಬಹುದು. ನೊಂದ ಭಾಗಕ್ಕೆ ಮತ್ತೆ ಭಾರ ಹಾಕುವ ಮೊದಲು ಕನಿಷ್ಠ 48 ಗಂಟೆ ಬಿಡುವು ಕೊಡಿ. ಆದರೆ ಕೀಲಿನಲ್ಲಿ ಚುಚ್ಚುವ ನೋವು, ವಿಪರೀತ ಊತ ಅಥವಾ ಮೂತ್ರದ ಬಣ್ಣ ಕಪ್ಪಾಗುವುದು ಕಂಡರೆ ಜಿಮ್‌ಗಲ್ಲ, ವೈದ್ಯರ ಬಳಿ ಹೋಗಿ. ನೋವಿನ ಮಾತ್ರೆ ನುಂಗಿ ಭಾರ ಎತ್ತುವುದು ಅಪಾಯವನ್ನು ಮುಚ್ಚಿಡುವ ದಾರಿ.

ಇನ್ನು ನಿದ್ದೆ. ನಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ, ದುಬಾರಿ ಪ್ರೋಟೀನ್ ಡಬ್ಬಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮೀನು, ಬೇಳೆ, ಕಡಲೆ ನಮ್ಮ ಅಡುಗೆಮನೆಯಲ್ಲೇ ಇವೆ.

ವಿಶ್ರಾಂತಿ ಎಂಬುದು ಸೋಮಾರಿಗಳ ನೆಪ ಎನ್ನುವವರಿದ್ದಾರೆ. ವ್ಯಾಯಾಮವನ್ನೇ ಮಾಡದವನಿಗೆ ಅದು ನೆಪವಾಗಬಹುದು. ಮಾಡಿದವನಿಗೆ ಅದು ವ್ಯಾಯಾಮದ ಉಳಿದರ್ಧ, ಏಕೆಂದರೆ ಸ್ನಾಯು ಬೆಳೆಯುವುದು ಆ ಬಿಡುವಿನಲ್ಲೇ.

ವಾರ್ಷಿಕ ಕ್ರೀಡಾಕೂಟ ಹತ್ತಿರ ಬರುತ್ತಿದೆ. ವರ್ಷವಿಡೀ ಓಡದವರು ಕೊನೆಯ ವಾರದಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಿ ಕುಂಟುವುದನ್ನು ಪ್ರತಿ ವರ್ಷ ನೋಡುತ್ತೇವೆ. ಈ ಸಲ ಅಭ್ಯಾಸ ಒಂದು ತಿಂಗಳು ಮೊದಲೇ ಶುರುವಾಗಲಿ, ವೇಳಾಪಟ್ಟಿಯಲ್ಲಿ ವಿಶ್ರಾಂತಿಯ ದಿನವನ್ನೂ ಬರೆಯಲಿ ಎಂದು ದೈಹಿಕ ಶಿಕ್ಷಣ ವಿಭಾಗದ ಸರ್‌ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ.

ಗೆಳೆಯ ಈಗ ಚೆನ್ನಾಗಿದ್ದಾನೆ, ಮತ್ತೆ ಜಿಮ್‌ಗೆ ಬರುತ್ತಾನೆ. ಹೊಸಬರು ಬಂದರೆ ಮೊದಲು ಅವನೇ ಹೇಳುತ್ತಾನೆ: “ಇವತ್ತಿಗೆ ಇಷ್ಟು ಸಾಕು, ನಾಳಿದ್ದು ಬಾ.”

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ