ಕಡಿದ ಮರವೋ, ಪ್ಲಾಸ್ಟಿಕ್ ಮರವೋ

ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವನ್ನು ಪರಿಸರದ ಶತ್ರು ಎಂದು ಬೈಯುವವರು ಒಂದು ಸಂಗತಿ ತಿಳಿದಿರಬೇಕು. ಕೃತಕ ಮರ ಹುಟ್ಟಿದ್ದಕ್ಕೆ ಕಾಡಿನ ಮೇಲಿನ ಕಾಳಜಿಯೂ ಒಂದು ಕಾರಣ. 19ನೆಯ ಶತಮಾನದ ಜರ್ಮನಿಯಲ್ಲಿ ಹಬ್ಬಕ್ಕೆಂದು ಎಳೆಯ ಮರಗಳನ್ನೂ ದೊಡ್ಡ ಮರಗಳ ತುದಿಗಳನ್ನೂ ಕಡಿಯುವುದು ಅತಿಯಾದಾಗ, ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ, ಕೊಂಬೆಗಳಂತೆ ಜೋಡಿಸಿದ ಗರಿಮರಗಳು ಬಂದವು. ಆ ಕಾಲಕ್ಕೆ ಅದು ಒಳ್ಳೆಯ ಉಪಾಯವೇ ಆಗಿತ್ತು. ಈಗ ಗರಿಯ ಜಾಗಕ್ಕೆ ಪಿವಿಸಿ ಬಂದಿದೆ, ಕಾಡಿನ ಜಾಗಕ್ಕೆ ತೋಟ ಬಂದಿದೆ. ಹಾಗಾಗಿ ಲೆಕ್ಕವನ್ನು ಹೊಸದಾಗಿಯೇ ಹಾಕಬೇಕು.

ತೋಟ ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಿಜಮರ ಕೊಂಡರೆ ಕಾಡು ಕಡಿದ ಹಾಗೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ ಎರಡೂವರೆಯಿಂದ ಮೂರು ಕೋಟಿ ನಿಜಮರಗಳು ಮಾರಾಟವಾಗುತ್ತವೆ. ಒರೆಗಾನ್, ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಅದು ರೈತರ ಬೆಳೆ. ಸಸಿ ಆಳೆತ್ತರ ಬೆಳೆಯಲು ಏಳೆಂಟು ವರ್ಷ ಬೇಕು. ಪ್ರತಿ ವರ್ಷ ಕಟಾವಾಗುವುದು ತೋಟದ ಒಂದು ಭಾಗ ಮಾತ್ರ. ಉಳಿದದ್ದು ಮಣ್ಣನ್ನು ಹಿಡಿದುಕೊಂಡು, ಹಕ್ಕಿಗಳಿಗೆ ನೆಲೆಯಾಗಿ ನಿಂತಿರುತ್ತದೆ. ಕಡಿದ ಕಡೆ ಮತ್ತೆ ಸಸಿ ನೆಡುತ್ತಾರೆ. ಕೊಳ್ಳುವವರೇ ಇಲ್ಲದಿದ್ದರೆ ಆ ಇಳಿಜಾರು ಜಮೀನು ಮನೆ ಸೈಟುಗಳಾಗಿ ಹೋಗುವ ಸಾಧ್ಯತೆಯೂ ಇದೆ.

ಬೆಳೆ ಅಂದಮೇಲೆ ಔಷಧಿಯೂ ಬಂತು. ನಾರ್ತ್ ಕ್ಯಾರೊಲಿನಾದ ಹೆಸರುವಾಸಿ ಫ್ರೇಸರ್ ಫರ್‌ಗೆ ಯುರೋಪಿನಿಂದ ಬಂದ ಒಂದು ಪುಟ್ಟ ಹೀರುವ ಕೀಟದ ಕಾಟ. ಬೆಟ್ಟದ ನೆತ್ತಿಗಳಲ್ಲಿ ತಾವಾಗಿ ಬೆಳೆದಿದ್ದ ಫ್ರೇಸರ್ ಫರ್‌ಗಳನ್ನು ಈ ಕೀಟ ದೊಡ್ಡ ಪ್ರಮಾಣದಲ್ಲಿ ಕೊಂದಿದೆ. ತೋಟದವರು ಕೀಟನಾಶಕ ಹೊಡೆಯುತ್ತಾರೆ, ಕಳೆನಾಶಕವನ್ನೂ ಬಳಸುತ್ತಾರೆ.

ಯುರೋಪಿನ ಕಥೆಯಲ್ಲಿ ಇನ್ನೊಂದು ಎಳೆ ಇದೆ. ಅಲ್ಲಿ ಬಹು ಬೇಡಿಕೆಯ ನಾರ್ಡ್‌ಮನ್ ಫರ್ ಬೆಳೆಯುವುದರಲ್ಲಿ ಡೆನ್ಮಾರ್ಕ್ ಮುಂದು. ಆದರೆ ಬೀಜದ ಬಹುಪಾಲು ಬರುವುದು ಕಾಕಸಸ್ ಬೆಟ್ಟಗಳ ಜಾರ್ಜಿಯಾ ದೇಶದ ರಾಚಾ ಪ್ರದೇಶದಿಂದ. ಕಾಯಿಗಳು ಮರದ ತುತ್ತತುದಿಯಲ್ಲಿ, 30 ಮೀಟರ್ ಎತ್ತರದಲ್ಲಿರುತ್ತವೆ. ಶರತ್ಕಾಲದಲ್ಲಿ ಹಳ್ಳಿಯ ಗಂಡಸರು ಹತ್ತಿ ಕೀಳುತ್ತಾರೆ. ಹಗ್ಗ, ಬೆಲ್ಟ್ ಇಲ್ಲದೆ ಹತ್ತಿ ಬಿದ್ದು ಸತ್ತವರಿದ್ದಾರೆ. ಮಲೆನಾಡಿನ ಕೊನೆಗಾರರ ಪಾಡು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗಾಲದ ಯಾವ ಲೆಕ್ಕದಲ್ಲೂ ಈ ಮನುಷ್ಯರು ಕಾಣುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

ಈಗ ಪ್ಲಾಸ್ಟಿಕ್ ಮರ. ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ. ಪಿವಿಸಿ ಹಾಳೆಯನ್ನು ಸೂಜಿಯೆಲೆಗಳಂತೆ ಸಣ್ಣಗೆ ಸೀಳಿ, ಎರಡು ಉಕ್ಕಿನ ತಂತಿಗಳ ನಡುವೆ ಇಟ್ಟು ಹುರಿ ಹೊಸೆಯುತ್ತಾರೆ. ಹೀಗೆ ಬೆಸೆದುಕೊಂಡ ಪ್ಲಾಸ್ಟಿಕ್ಕನ್ನೂ ತಂತಿಯನ್ನೂ ಬೇರ್ಪಡಿಸುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಕೊನೆಗೆ ಅದು ಸೇರುವುದು ಕಸದ ಗುಡ್ಡವನ್ನೇ. ಹಳೆಯ ಮರಗಳ ಪಿವಿಸಿಯಲ್ಲಿ ಸೀಸವೂ ಇರುತ್ತಿತ್ತು. ಆದರೆ ಒಮ್ಮೆ ಕೊಂಡದ್ದನ್ನು ಇಪ್ಪತ್ತು ವರ್ಷ ಬಳಸುವ ಕುಟುಂಬಗಳೂ ಇವೆ, ಈ ಮರದ ಪರವಾಗಿ ಇರುವ ದೊಡ್ಡ ವಾದವೇ ಅದು. ಪ್ರತಿ ಡಿಸೆಂಬರಿನಲ್ಲಿ ತೋಟಕ್ಕೆ ಕಾರಿನಲ್ಲಿ ಹೋಗಿಬರುವುದೂ ತಪ್ಪುತ್ತದೆ.

ಎಷ್ಟು ವರ್ಷ ಬಳಸಿದರೆ ಸಾಕು? ಜಗಳ ಇರುವುದು ಇಲ್ಲೇ. ಮಾಂಟ್ರಿಯಲ್‌ನ ಎಲಿಪ್ಸೋಸ್ ಸಂಸ್ಥೆ 2009ರಲ್ಲಿ ಮಾಡಿದ ಅಧ್ಯಯನ ಇಪ್ಪತ್ತು ವರ್ಷ ಬೇಕು ಎಂದಿತು. ಅಮೆರಿಕದಲ್ಲಿ ಕೃತಕ ಮರದ ಉದ್ಯಮದ ಬೆಂಬಲವಿರುವ ಸಂಘ ಮಾಡಿಸಿದ ಅಧ್ಯಯನ ಐದೇ ವರ್ಷ ಸಾಕು ಎಂದಿತು. ಯಾರೂ ಸುಳ್ಳು ಹೇಳಿರಬೇಕಿಲ್ಲ. ತೋಟ ಮನೆಯಿಂದ ಎಷ್ಟು ದೂರ, ಹಬ್ಬದ ನಂತರ ಮರ ಎಲ್ಲಿಗೆ ಹೋಯಿತು ಎಂಬುದನ್ನು ಹೇಗೆ ಊಹಿಸುತ್ತೇವೋ ಹಾಗೆ ಉತ್ತರ ಬದಲಾಗುತ್ತದೆ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅಂದಾಜು ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಎರಡು ಮೀಟರ್ ನಿಜಮರ ಕಸದ ಗುಂಡಿಯಲ್ಲಿ ಕೊಳೆತು ಮೀಥೇನ್ ಬಿಟ್ಟರೆ ಅದರ ಹೊರೆ 16 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ; ಅದೇ ಮರವನ್ನು ಚೂರು ಮಾಡಿ ಗಿಡಗಳ ಬುಡಕ್ಕೆ ಹಾಕಿದರೆ ಸುಮಾರು ಮೂರೂವರೆ ಕಿಲೋ. ಪ್ಲಾಸ್ಟಿಕ್ ಮರದ್ದು 40 ಕಿಲೋ. ಅಂದರೆ ಸುಮಾರು 17 ಲೀಟರ್ ಪೆಟ್ರೋಲ್ ಸುಟ್ಟಷ್ಟು.

ನನ್ನ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹತ್ತಿರದಲ್ಲಿ ತೋಟವಿದ್ದು, ಊರಿನಲ್ಲಿ ಮರವನ್ನು ಚೂರು ಮಾಡುವ ವ್ಯವಸ್ಥೆ ಇದ್ದರೆ ನಿಜಮರವೇ ಮೇಲು. ನ್ಯೂಯಾರ್ಕ್ ನಗರ ಜನವರಿಯಲ್ಲಿ ಪಾರ್ಕುಗಳಲ್ಲೇ ಈ ಕೆಲಸ ಮಾಡಿಸುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹಳೆಯ ಮರಗಳನ್ನು ಕಂತೆ ಕಟ್ಟಿ, ಹೆಲಿಕಾಪ್ಟರಿನಿಂದ ಜೌಗು ಪ್ರದೇಶಕ್ಕೆ ಇಳಿಸುತ್ತಾರೆ. ಅಲೆಯ ಹೊಡೆತ ತಗ್ಗಿ, ಹೂಳು ನಿಂತು, ಕೊಚ್ಚಿಹೋಗುತ್ತಿದ್ದ ದಂಡೆ ಗಟ್ಟಿಯಾಗುತ್ತದೆ. ಇಂಥ ಏರ್ಪಾಡಿಲ್ಲದ ಊರಿನಲ್ಲಿ ನಿಜಮರದ ಪರ ವಾದ ಅರ್ಧ ಬಿದ್ದುಹೋಗುತ್ತದೆ. ಅಟ್ಟದಲ್ಲಿ ಈಗಾಗಲೇ ಪ್ಲಾಸ್ಟಿಕ್ ಮರ ಇದ್ದವರು ಅದನ್ನು ಎಸೆದು ‘ಹಸಿರು’ ಆಗಲು ಹೊರಡುವುದಂತೂ ಶುದ್ಧ ನಷ್ಟ.

ನಮ್ಮ ಕಡೆ ಫರ್ ತೋಟಗಳಿಲ್ಲ. ಕರಾವಳಿಯಲ್ಲಿ ಗಾಳಿಮರದ ಕೊಂಬೆ ತಂದು ಗೋದಲಿಯ ಪಕ್ಕ ನಿಲ್ಲಿಸುವುದುಂಟು. ದೂರದ ಸಾಗಣೆಯಿಲ್ಲ, ಒಣಗಿದ ಮೇಲೆ ಒಳ್ಳೆಯ ಸೌದೆ. ಬೆಂಗಳೂರಿನ ನರ್ಸರಿಗಳಲ್ಲಿ ಕುಂಡದ ಅರಾಕೇರಿಯಾ ಸಿಗುತ್ತದೆ. ಪೆಸಿಫಿಕ್ ದ್ವೀಪಗಳ ಮೂಲದ ಈ ಗಿಡಕ್ಕೆ ಬೆಳಕು ಬೇಕು. ಹಬ್ಬದ ನಂತರ ಹಾಲ್‌ನ ಮೂಲೆಯಲ್ಲೇ ಬಿಟ್ಟರೆ ಸೊರಗುತ್ತದೆ, ಬಾಲ್ಕನಿಗೆ ಇಟ್ಟರೆ ಹಲವು ಡಿಸೆಂಬರ್‌ಗಳಿಗೆ ಬರುತ್ತದೆ. ಕುಂಡ ಸಾಲದಾದಾಗ ನೆಲಕ್ಕೆ ನೆಡುವವರು ಲಾಲ್‌ಬಾಗ್‌ನ ಅರಾಕೇರಿಯಾಗಳ ಎತ್ತರವನ್ನು ಒಮ್ಮೆ ನೋಡಿಬರಲಿ. ಕರೆಂಟ್ ತಂತಿಯ ಕೆಳಗೆ, ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ನೆಡುವ ಗಿಡವಲ್ಲ ಅದು.